ಸೆಕೆಯ ಊರಿನಲ್ಲಿ ನಾಲ್ಕು ದುಬಾರಿ ಇಯರ್‌ಫೋನು: ನನ್ನ ಅನುಭವ

ಮಂಗಳೂರಿನ ಸೆಕೆಯಲ್ಲಿ ಇಯರ್‌ಫೋನು ಇಟ್ಟಲ್ಲಿ ಇರುವುದಿಲ್ಲ. ಹತ್ತು ನಿಮಿಷಕ್ಕೆ ಬೆವರು ಬರುತ್ತದೆ, ಸಿಲಿಕೋನ್ ಟಿಪ್ ಕೂದಲೆಳೆಯಷ್ಟು ಜಾರುತ್ತದೆ, ಬಾಸ್ ಸೋರಿ ಹೋಗುತ್ತದೆ. ಆಮೇಲೆ ಲಕ್ಷದ್ದೂ ಒಂದೇ, ಐನೂರರದ್ದೂ ಒಂದೇ. ಹಾಗಾಗಿ ಆರಾಮಕ್ಕೆ ಇಷ್ಟು ಅಂಕ, ಸೌಂಡಿಗೆ ಇಷ್ಟು ಅಂಕ ಎಂದು ಬೇರೆ ಬೇರೆ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಕಿವಿಯಲ್ಲಿ ನೆಟ್ಟಗೆ ಕೂರದ್ದರ ಸೌಂಡು ಹೀಗೆ ಹಾಗೆ ಎಂದು ಚರ್ಚೆ ಮಾಡಿ ಎಂತ ಪ್ರಯೋಜನ?

ಈ ಸಲ ಹೋಲಿಸಿದ್ದು ನಾಲ್ಕು. ಸೆನ್‌ಹೈಸರ್ ಐಇ 900 ಅಂದರೆ 7 ಮಿ.ಮೀ.ನ ಒಂದೇ ಡೈನಾಮಿಕ್ ಡ್ರೈವರು (ಸದ್ದು ಹೊರಡಿಸುವ ಪುಟ್ಟ ಸ್ಪೀಕರು), ಅಲ್ಯೂಮಿನಿಯಂನಲ್ಲಿ ಕೊರೆದ ಪುಟ್ಟ ಮೈ. ಶೂರ್ ಎಸ್‌ಇ846ರಲ್ಲಿ ನಾಲ್ಕು ಬ್ಯಾಲೆನ್ಸ್‌ಡ್ ಆರ್ಮೇಚರು, ಅಂದರೆ ಇನ್ನೂ ಪುಟ್ಟದಾದ ಬೇರೆ ಬಗೆಯ ಡ್ರೈವರು. ಎಟಿಮೋಟಿಕ್ ಇಆರ್4ಎಸ್‌ಆರ್‌ನಲ್ಲಿ ಒಂದೇ ಆರ್ಮೇಚರು, ಮೂರು ಕೊಡೆ ಒಂದರ ಹಿಂದೊಂದು ಪೋಣಿಸಿದಂಥ ಟಿಪ್, ಕಿವಿಯ ತೀರಾ ಒಳಗೆ ಹೋಗುವಂಥದ್ದು. 64 ಆಡಿಯೋ ಯು12ಟಿಯಲ್ಲಿ ಹನ್ನೆರಡು ಆರ್ಮೇಚರು, ದೊಡ್ಡ ಮೈ, ಒಳಗಿನ ಗಾಳಿಯ ಒತ್ತಡ ಬಿಡಲು ಬೇಕಾದಾಗ ಬದಲಿಸಬಹುದಾದ ಸಣ್ಣ ಮಾಡ್ಯೂಲು. ಬೆಲೆಯಲ್ಲಿ ಇವನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲಿಕ್ಕಾಗುವುದಿಲ್ಲ. ಆದರೆ ಕಿವಿಯಲ್ಲಿ ಕೂರುವ ಕ್ರಮ ನಾಲ್ಕಕ್ಕೂ ನಾಲ್ಕು ಬಗೆ, ನನಗೆ ಬೇಕಾದದ್ದೂ ಅದೇ.

ಮೊದಲ ಎರಡು ಸಂಜೆ ಹಾಡು ಹಾಕುವುದೇ ಇಲ್ಲ, ಟಿಪ್ ಆರಿಸುವುದೇ ಕೆಲಸ. ಎಡ ಬಲ ಕಿವಿ ಒಂದೇ ಅಳತೆಯದ್ದು ಇರಬೇಕೆಂದಿಲ್ಲ. ನನಗೆ ಎಡಕ್ಕೆ ಮೀಡಿಯಂ, ಬಲಕ್ಕೆ ಸ್ಮಾಲ್. ಹಾಕುವಾಗ ಒಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಬೇಕು, ಆಗ ಕಿವಿಯ ನಾಳ ನೆಟ್ಟಗಾಗುತ್ತದೆ. ಸ್ಪಂಜಿನಂಥ ಫೋಮ್ ಟಿಪ್ ಆದರೆ ದೀಪದ ಬತ್ತಿ ಹೊಸೆದ ಹಾಗೆ ಹೊಸೆದು ಒಳಗಿಟ್ಟು, 30 ಸೆಕೆಂಡು ಬೆರಳು ತೆಗೆಯಬಾರದು. ಅವಸರದಲ್ಲಿ ಬಿಟ್ಟರೆ ಅದು ಉಬ್ಬುತ್ತಾ ತನ್ನನ್ನೇ ಹೊರಕ್ಕೆ ತಳ್ಳಿಕೊಳ್ಳುತ್ತದೆ.

ಸೀಲ್ ಆಗಿದೆಯೋ, ಅಂದರೆ ಗಾಳಿ ಸೋರದ ಹಾಗೆ ಕೂತಿದೆಯೋ ಇಲ್ಲವೋ ನೋಡಲು 50 ಹರ್ಟ್ಝ್‌ನ ಟೋನ್ ಮೋನೋದಲ್ಲಿ (ಎರಡೂ ಕಿವಿಗೆ ಒಂದೇ ಸದ್ದು) ಸಣ್ಣಗೆ ಹಾಕಿ. ಅದು ತಲೆಯ ನಟ್ಟನಡುವೆ ಕೇಳಬೇಕು. ಬಲಕ್ಕೆ ವಾಲಿದರೆ ಎಡಗಡೆ ಸೋರುತ್ತಿದೆ ಅಂತ ಲೆಕ್ಕ. ಈಗ ಬೆರಳಲ್ಲಿ ಮೆಲ್ಲ ಒತ್ತಿ ನೋಡಿ: ಬಾಸ್ ಒಮ್ಮೆಲೇ ಏರಿದರೆ ಟಿಪ್ ಸಣ್ಣದಾಯಿತು, ಇಲ್ಲವೇ ಒಳಗೆ ಸಾಕಷ್ಟು ಹೋಗಿಲ್ಲ. ಬಾಯಿ ಪೂರ್ತಿ ತೆರೆದು ಮುಚ್ಚಿ, ಎರಡು ಸಲ ಉಗುಳು ನುಂಗಿ. ದವಡೆ ಆಡಿದಾಗ ನಾಳದ ಆಕಾರವೂ ಬದಲಾಗುತ್ತದೆ. ಅಲ್ಲಿ ಸೀಲ್ ಬಿಟ್ಟರೆ ಬಸ್ಸಿನಲ್ಲಿ ಆಕಳಿಸಿದಾಗಲೆಲ್ಲ ಬಿಡುತ್ತದೆ. ತಲೆಗೆ ತೆಂಗಿನೆಣ್ಣೆ ಹಾಕಿದ ದಿನ ಮಾತ್ರ ಈ ಪರೀಕ್ಷೆಗೆ ಕೈ ಹಾಕಬೇಡಿ. ಎಣ್ಣೆ ಕಿವಿಗೂ ಇಳಿದಿರುತ್ತದೆ, ಯಾವ ಟಿಪ್ಪೂ ನಿಲ್ಲುವುದಿಲ್ಲ, ಒಳ್ಳೆಯ ಟಿಪ್ಪಿಗೇ ಕೆಟ್ಟ ಹೆಸರು.

ಎರಡನೇ ಕೆಲಸ ವಾಲ್ಯೂಮ್ ಸಮ ಮಾಡುವುದು. ಒಂದು ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಜೋರಾಗಿರುವುದು ನಮಗೆ ಜೋರು ಅಂತ ಕೇಳುವುದಿಲ್ಲ, ‘ಸ್ಪಷ್ಟ’ ಅಂತ ಕೇಳುತ್ತದೆ. ಅಳೆಯುವ ಕಪ್ಲರ್ (ಇಯರ್‌ಫೋನನ್ನು ಮೈಕಿಗೆ ಜೋಡಿಸುವ ಕೊಳವೆ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೆಡಿಕಲ್ ಅಂಗಡಿಯ 2 ಮಿ.ಲೀ. ಸಿರಿಂಜು ಸಾಕು. ಸೂಜಿ ಸಿಕ್ಕಿಸುವ ಮೂತಿಯನ್ನು ಬ್ಲೇಡಿನಲ್ಲಿ ನೇರವಾಗಿ ಕೊಯ್ದು, ಆ ಕಡೆಯಿಂದ 6 ಮಿ.ಮೀ.ನ ಇಲೆಕ್ಟ್ರೆಟ್ ಮೈಕು ತೂರಿಸಿ, ಸುತ್ತಲೂ ಎಮ್‌ಸೀಲ್ ಹಚ್ಚಿ ಗಾಳಿ ಹೋಗದ ಹಾಗೆ ಮಾಡಿ. ಇನ್ನೊಂದು ಕಡೆಯಿಂದ ಇಯರ್‌ಫೋನು. ಟಿಪ್ಪಿಗೂ ಮೈಕಿಗೂ ನಡುವೆ 20 ಮಿ.ಮೀ. ಜಾಗ ಇರಲಿ, ಸಿರಿಂಜಿನ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿಟ್ಟರೆ ನಾಲ್ಕನ್ನೂ ಒಂದೇ ಆಳಕ್ಕೆ ಇಡಬಹುದು. 500 ಹರ್ಟ್ಝ್ ಟೋನ್ ಹಾಕಿ, ನಾಲ್ಕೂ 0.3 ಡಿಬಿ ಒಳಗೆ ಬರುವ ಹಾಗೆ ವಾಲ್ಯೂಮ್ ಅಂಕಿ ಬರೆದಿಡಿ. ಪ್ರತಿಯೊಂದನ್ನೂ ಐದು ಸಲ ತೆಗೆದು ಹಾಕಿ ಅಳೆಯಿರಿ. ಓದಿಕೆ 1 ಡಿಬಿಗಿಂತ ಹೆಚ್ಚು ಆಚೀಚೆ ಆದರೆ ಎಲ್ಲೋ ಸೋರುತ್ತಿದೆ. ಈ ಸಿರಿಂಜನ್ನು ಟ್ರೆಬಲ್ (ಮೇಲಿನ ಚೂಪು ಸ್ವರ) ಅಳೆಯಲು ಮಾತ್ರ ನಂಬಬೇಡಿ, ಅಲ್ಲಿ ಅದು ಹೇಳುವುದೆಲ್ಲ ಸುಳ್ಳು.

ಟ್ರೆಬಲ್‌ನ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚಿನ ಜಗಳ ಹುಟ್ಟುವುದೇ ಅಲ್ಲಿ. ಟಿಪ್ಪಿನ ತುದಿಗೂ ಕಿವಿತಮಟೆಗೂ ನಡುವೆ ಉಳಿಯುವ ಗಾಳಿಯ ಕಂಬ ಒಂದು ಕೊಳಲಿನ ಹಾಗೆ. ಆ ಉದ್ದ ಸುಮಾರು 21 ಮಿ.ಮೀ. ಇದ್ದರೆ ಅರ್ಧ ತರಂಗದ ಅನುರಣನ, ಅಂದರೆ ಆ ಕಂಬ ತಾನಾಗಿ ಮೊಳಗುವ ಸ್ವರ, 8 ಕಿಲೋಹರ್ಟ್ಝ್ ಹತ್ತಿರ ಬರುತ್ತದೆ, 2 ಮಿ.ಮೀ. ಒಳಗೆ ತಳ್ಳಿದರೆ 9ಕ್ಕೆ ಏರುತ್ತದೆ. ಅಂದರೆ ಒಂದೇ ಇಯರ್‌ಫೋನು, ಒಂದೇ ಕಿವಿ, ಬರೀ 2 ಮಿ.ಮೀ. ವ್ಯತ್ಯಾಸ; ಯಕ್ಷಗಾನದ ಚಕ್ರತಾಳದ ಅಂಚು ಒಮ್ಮೆ ಚುಚ್ಚುತ್ತದೆ, ಒಮ್ಮೆ ಇಲ್ಲ. ‘ಇದರಲ್ಲಿ ಸ ಕಾರ, ಶ ಕಾರ ಚುಚ್ಚುತ್ತದೆ ಮಾರಾಯ್ರೆ’ ಎಂದು ಒಬ್ಬರು ಹೇಳಿ, ‘ನನಗೆ ಇಲ್ಲವಲ್ಲ’ ಎಂದು ಇನ್ನೊಬ್ಬರು ಹೇಳಿದರೆ ಇಬ್ಬರೂ ಸರಿಯೇ ಇರಬಹುದು. ನಿಮ್ಮ ಕಿವಿಯಲ್ಲಿ ಈ ಶಿಖರ ಎಲ್ಲಿದೆ ಎಂದು ತಿಳಿಯಲು 5ರಿಂದ 10 ಕಿಲೋಹರ್ಟ್ಝ್‌ವರೆಗೆ ಟೋನ್ ಜನರೇಟರಿನಲ್ಲಿ ಕಡಿಮೆ ವಾಲ್ಯೂಮಿನಲ್ಲಿ ನಿಧಾನ ಏರಿಸುತ್ತಾ ಹೋಗಿ. ಎಲ್ಲಿ ಸ್ವರ ತಟ್ಟನೆ ಮುಖಕ್ಕೆ ಹೊಡೆಯುತ್ತದೋ ಅಲ್ಲಿ ಅಂಕಿ ಬರೆದುಕೊಳ್ಳಿ. ನನ್ನದು ಐಇ 900ರಲ್ಲಿ ಸಣ್ಣ ಕುತ್ತಿಗೆಯ ಟಿಪ್ ಹಾಕಿದಾಗ 7.4 ಇದ್ದದ್ದು, ಉದ್ದ ಕುತ್ತಿಗೆಯ ಸಣ್ಣ ಟಿಪ್ ಹಾಕಿ ಒಳಗಿಟ್ಟಾಗ 8.3ಕ್ಕೆ ಹೋಯಿತು. ಈಕ್ವಲೈಸರ್ ಮುಟ್ಟದೆ ಅರ್ಧ ಚುಚ್ಚುವಿಕೆ ಹೋಯಿತು.

ಆರಾಮದ ಪರೀಕ್ಷೆಗೆ ನನ್ನ ಅಳತೆಕೋಲು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸು. ಹೆಚ್ಚುಕಡಿಮೆ ಒಂದೂವರೆ ಗಂಟೆ, ಇಂಜಿನಿನ ಗುಡುಗು, ಹಾರ್ನು, ಕುಲುಕಾಟ, ಕಿಟಕಿ ಪಕ್ಕದ ಗಾಳಿ, ಎಲ್ಲವೂ ಒಂದೇ ಟಿಕೆಟಿಗೆ ಸಿಗುತ್ತದೆ. ಅಂಗಡಿಯಲ್ಲಿ ಐದು ನಿಮಿಷ ಹಾಕಿ ‘ಆರಾಮ ಉಂಟು’ ಎನ್ನುವುದಕ್ಕೆ ಅರ್ಥವಿಲ್ಲ, ನೋವು ಶುರುವಾಗುವುದೇ ಮುಕ್ಕಾಲು ಗಂಟೆಯ ಮೇಲೆ. ನೋವು ಎಲ್ಲಿ ಬಂತು ಎನ್ನುವುದು ಮುಖ್ಯ. ನಾಳದ ಬಾಯಲ್ಲಿ ಸುತ್ತಲೂ ಉರಿ ಬಂದರೆ ಟಿಪ್ ದೊಡ್ಡದು ಅಥವಾ ನಳಿಕೆ (ಟಿಪ್ ಸಿಕ್ಕಿಸುವ ಕೊಳವೆ) ದಪ್ಪ. ಟಿಪ್ ಬದಲಿಸಿದರೆ ಪರಿಹಾರ ಉಂಟು. ಕಿವಿಯ ಬಟ್ಟಲಿನ ಹಿಂದಿನ ಏರಿನಲ್ಲಿ ಒಂದೇ ಬಿಂದುವಿನಲ್ಲಿ ನೋವು ಬಂದರೆ ಅದು ಮೈಯ ಆಕಾರದ್ದು. ಅದಕ್ಕೆ ಮದ್ದಿಲ್ಲ, ಎಷ್ಟೇ ಒಳ್ಳೆಯ ಸೌಂಡಿದ್ದರೂ ಬಿಡಬೇಕು. ಕನ್ನಡಕದವರಿಗೆ ಮೂರನೆಯದ್ದೊಂದು ಉಂಟು: ಕೇಬಲಿನ ಕೊಕ್ಕೆಯೂ ಕನ್ನಡಕದ ಕಡ್ಡಿಯೂ ಒಂದೇ ಜಾಗಕ್ಕೆ ಕಿತ್ತಾಡುತ್ತವೆ. ಮೊದಲು ಕೇಬಲ್, ಅದರ ಮೇಲೆ ಕಡ್ಡಿ ಹಾಕಿದರೆ ಸ್ವಲ್ಪ ವಾಸಿ.

ಈ ಬಸ್ಸಿನಲ್ಲಿ ಐಇ 900 ಹಾಕಿದ್ದೇ ಮರೆತುಹೋಗುವಷ್ಟು ಹಗುರ. ಆದರೆ ಅದರ ಪುಟ್ಟ ಮೈ ಕಿವಿಯ ಬಟ್ಟಲಿಗೆ ಒರಗುವುದು ಕಡಿಮೆ, ಹಿಡಿತವೆಲ್ಲ ಟಿಪ್ಪಿನದ್ದೇ. ಬೆವರು ಬಂದ ಮೇಲೆ ಮೂಲ್ಕಿ ದಾಟುವಷ್ಟರಲ್ಲಿ ಎರಡು ಸಲ ಒತ್ತಿಕೊಳ್ಳಬೇಕಾಯಿತು; ಫೋಮ್ ಹಾಕಿದರೆ ಆ ರಗಳೆ ಇಲ್ಲ, ಟ್ರೆಬಲ್ ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೆ. ಎಸ್‌ಇ846ರ ನಳಿಕೆ ತೆಳು, ಮೈ ಬಟ್ಟಲಿಗೆ ಒರಗಿ ನಿಲ್ಲುತ್ತದೆ. ನಾಲ್ಕರಲ್ಲಿ ಅಲ್ಲಾಡದೆ ಕೂತದ್ದು ಇದೇ. ಇಆರ್4ಎಸ್‌ಆರ್ ಹಾಕಿದ ಮೊದಲ ವಾರ ಕಿವಿಗೆ ಅಭ್ಯಾಸವಾಗಬೇಕು. ಟಿಪ್ಪನ್ನು ನೀರಲ್ಲಿ ಒದ್ದೆ ಮಾಡಿ ತಿರುಗಿಸುತ್ತಾ ಹಾಕಬೇಕು, ತೆಗೆಯುವಾಗ ತಿರುಗಿಸಿ ಗಾಳಿ ಬಿಟ್ಟು ಮೆಲ್ಲ ಎಳೆಯಬೇಕು. ಜಗ್ಗಿದರೆ ತಮಟೆ ಹೀರಿದಂತಾಗಿ ನೋವು ಬರುತ್ತದೆ. ಅದರ ಬದಲಿಗೆ ಸಿಗುವುದು ಎರಡು. ಕಂಪನಿ ಹೇಳುವ 35ರಿಂದ 42 ಡಿಬಿ ತಡೆ ಬಸ್ಸಿನಲ್ಲಿ ನಿಜ ಎನಿಸುತ್ತದೆ. ಮತ್ತೆ, ಇಷ್ಟು ಆಳಕ್ಕೆ ಹೋದಾಗ ನಾಳದ ಮೃದು ಭಾಗ ನಡುಗಿ ಒಳಗೆ ಗುಂಯ್‌ಗುಟ್ಟುವುದು ಕಡಿಮೆ. ಉಳಿದ ಮೂರರಲ್ಲಿ ಚಕ್ಕುಲಿ ತಿಂದರೆ ತಲೆಯೊಳಗೆ ಜಲ್ಲಿ ಅರೆದ ಹಾಗೆ, ಇದರಲ್ಲಿ ಅಷ್ಟಿಲ್ಲ. ಯು12ಟಿಯ ಮೈ ದೊಡ್ಡದು, ಸಣ್ಣ ಕಿವಿಯವರು ಹಾಕಿ ನೋಡದೆ ತೆಗೆದುಕೊಳ್ಳಬಾರದು. ಮಾಡ್ಯೂಲು ಒತ್ತಡ ಬಿಡುವುದರಿಂದ ಕಿವಿ ತುಂಬಿದ ಭಾವ ಇಲ್ಲ, ಮೂರು ಗಂಟೆಗೂ ದಣಿವಿಲ್ಲ. ಎಮ್20 ಮಾಡ್ಯೂಲಿನಲ್ಲಿ 20 ಡಿಬಿ ತಡೆ, ಎಮ್15ರಲ್ಲಿ 15. ಎಮ್15 ಮನೆಗೆ ಸರಿ, ಬಸ್ಸಿನಲ್ಲಿ ಹಾರ್ನೂ ಹಾಡೂ ಒಟ್ಟಿಗೆ.

ಸೌಂಡಿಗೆ ನಾನು ನಂಬುವುದು ಮೈಕ್ ಸೆಟ್ ಇಲ್ಲದ ಚಾವಡಿಯ ತಾಳಮದ್ದಳೆ, ಅಂದರೆ ವೇಷ ಕುಣಿತವಿಲ್ಲದೆ ಕೂತೇ ನಡೆಸುವ ಯಕ್ಷಗಾನ. ಎರಡು ಮೀಟರ್ ದೂರದಲ್ಲಿ ಸ್ಟೀರಿಯೋ ರೆಕಾರ್ಡರ್ ಇಟ್ಟು 24 ಬಿಟ್, 48 ಕಿಲೋಹರ್ಟ್ಝ್‌ನಲ್ಲಿ ಹಿಡಿದದ್ದು. ಹಾಡುವ ಭಾಗವತರ ಸ್ವರ, ಚೆಂಡೆ, ಮದ್ದಳೆ, ಚಕ್ರತಾಳ, ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮಾತು ಆ ಕೋಣೆಯಲ್ಲಿ ಹೇಗೆ ಕೇಳಿತ್ತೆಂದು ನನಗೆ ಗೊತ್ತು. ಸ್ಟುಡಿಯೋ ಹಾಡಿನಲ್ಲಿ ಆ ಗ್ಯಾರಂಟಿ ಇಲ್ಲ. ಜೊತೆಗೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕಛೇರಿ. ಆಲ್ಟೋ ಸ್ಯಾಕ್ಸಿನ ಗಮಕ 1ರಿಂದ 3 ಕಿಲೋಹರ್ಟ್ಝ್ ಭಾಗದ ಏರುಪೇರನ್ನು ಮುಚ್ಚಿಡಲು ಬಿಡುವುದಿಲ್ಲ, ಅಲ್ಲಿ ಉಬ್ಬಿದ್ದರೆ ಸ್ವರ ಮೂಗಿನಿಂದ ಬಂದ ಹಾಗಾಗುತ್ತದೆ.

ಒಂದೇ 20 ಸೆಕೆಂಡಿನ ತುಂಡನ್ನು ಸುತ್ತು ಹಾಕಿ ಕೇಳುವುದು ನನ್ನ ಕ್ರಮ. ಚೆಂಡೆ ದ್ರುತಕ್ಕೆ ಹೋದಾಗ ಎರಡು ಕೋಲಿನ ಪೆಟ್ಟು ಎಣಿಸಲು ಸಿಕ್ಕಿದ್ದು ಇಆರ್4ಎಸ್‌ಆರ್‌ನಲ್ಲಿ. ಭಾಗವತರ ಸ್ವರವೂ ಅದರಲ್ಲೇ ಚಾವಡಿಗೆ ಹತ್ತಿರ. ಆದರೆ ಮದ್ದಳೆಯ ಎಡ ಮುಚ್ಚಿಗೆಯ ಗುಮುಕು ಎದೆಗೆ ತಾಗುವುದಿಲ್ಲ. ಐಇ 900ರಲ್ಲಿ ತಾಗುತ್ತದೆ, ಸ್ವಲ್ಪ ಹೆಚ್ಚೇ ತಾಗುತ್ತದೆ. ಮೇಲೆ ಚಕ್ರತಾಳವೂ ಮಿನುಗುತ್ತದೆ, ನಡುವೆ ಅರ್ಥಧಾರಿ ಒಂದು ಹೆಜ್ಜೆ ಹಿಂದೆ ಕೂತ ಹಾಗೆ. ಎಸ್‌ಇ846ರಲ್ಲಿ ಮಾತು ಮುಂದೆ, ತಾಳದ ಮಿನುಗು ಕಡಿಮೆ. ಅದರ ನಳಿಕೆಯೊಳಗಿನ ಫಿಲ್ಟರ್ ಕೊಳವೆ ಬದಲಿಸಿ ಬ್ರೈಟ್ ಹಾಕಿದರೆ ಅಷ್ಟು ಸುಧಾರಿಸುತ್ತದೆ. ಚೆಂಡೆ, ಮದ್ದಳೆ, ತಾಳ ಒಟ್ಟಿಗೆ ಏರಿದಾಗ ಒಂದೊಂದನ್ನೂ ಅದರ ಜಾಗದಲ್ಲಿ ಇಟ್ಟದ್ದು ಯು12ಟಿ ಮಾತ್ರ. ಬಸ್ಸಿಗೆ ನಾನು ಅದನ್ನು ಒಯ್ಯುವುದಿಲ್ಲ.

ಆಂಪ್ (ಸಿಗ್ನಲಿಗೆ ಬಲ ಕೊಡುವ ಬೇರೆ ಡಬ್ಬಿ) ಬೇಕೇ ಎಂದು ಕೇಳುವವರಿಗೆ ಲೆಕ್ಕ ಸಣ್ಣದು. ಐಇ 900 ಒಂದು ವೋಲ್ಟಿಗೆ 123 ಡಿಬಿ ಕೊಡುತ್ತದೆ, ಹಾಗಾದರೆ ಸಾಧಾರಣ ಜೋರಿನ 75 ಡಿಬಿಗೆ 4 ಮಿಲಿವೋಲ್ಟ್ ಸಾಕು. ಇಆರ್4ಎಸ್‌ಆರ್ 0.1 ವೋಲ್ಟಿಗೆ 98 ಡಿಬಿ, ಅಂದರೆ 7 ಮಿಲಿವೋಲ್ಟ್. ಚೆಂಡೆಯ ಪೆಟ್ಟಿಗೆಂದು 20 ಡಿಬಿ ಮೇಲೆ ಬಿಟ್ಟರೂ ಹತ್ತು ಪಟ್ಟು, 70 ಮಿಲಿವೋಲ್ಟ್. ಫೋನಿಗೆ ಸಿಕ್ಕಿಸುವ, ಒಂದು ವೋಲ್ಟ್ ಕೊಡುವ ಸಾದಾ ಡಾಂಗಲಿಗೆ ಇದು ಯಾವ ಲೆಕ್ಕವೂ ಅಲ್ಲ. ನೋಡಬೇಕಾದದ್ದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆ ಜಾಕು ತಾನೇ ಒಡ್ಡುವ ವಿದ್ಯುತ್ ತಡೆ. ಬಹು ಆರ್ಮೇಚರಿನ ಇಯರ್‌ಫೋನಿನ ಇಂಪೀಡೆನ್ಸ್ ಒಂದು ಸ್ವರಕ್ಕೆ 5 ಓಮ್, ಇನ್ನೊಂದು ಸ್ವರಕ್ಕೆ 15 ಓಮ್ ಇದೆ ಎಂದಿಟ್ಟುಕೊಳ್ಳಿ. 1 ಓಮ್‌ನ ಡಾಂಗಲಿನಲ್ಲಿ ಇವೆರಡರ ನಡುವೆ ಬರುವ ಅಂತರ 1 ಡಿಬಿ, 10 ಓಮ್‌ನ ಹಳೆಯ ಹೆಡ್‌ಫೋನ್ ಜಾಕಿನಲ್ಲಿ 5 ಡಿಬಿ. ಅದು ಬೇರೆಯೇ ಇಯರ್‌ಫೋನಾಯಿತು. ಒಂದೇ ಡೈನಾಮಿಕ್ ಇರುವವಕ್ಕೆ ಈ ತಾಪತ್ರಯ ಹೆಚ್ಚಿಲ್ಲ, ಯು12ಟಿಯನ್ನು ಇಂಪೀಡೆನ್ಸ್ ಸಮ ಇರುವಂತೆಯೇ ಮಾಡಿದ್ದಾರೆ. ಎಸ್‌ಇ846 ಹೆಸರಿಗೇ 9 ಓಮ್, ಅದಕ್ಕೆ ಯಾವ ಜಾಕು ಎಂದು ನೋಡಿಯೇ ಸಿಕ್ಕಿಸಬೇಕು. ಹಿನ್ನೆಲೆಯ ಸುಯ್ ಸದ್ದು ಕೇಳುತ್ತದೋ ಎಂದು ನೋಡಲು ಕರೆಂಟು ಹೋಗುವವರೆಗೆ ಕಾಯಿರಿ. ಫ್ಯಾನ್ ತಿರುಗುತ್ತಿರುವಾಗ ಆ ಪರೀಕ್ಷೆಗೆ ಬೆಲೆಯಿಲ್ಲ.

ಇನ್ನು ತೇವ. ಏಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ತಣ್ಣಗಿನ ಲೋಹದ ಮೈಗೆ ಹೊರಗಿನ ಗಾಳಿಯ ನೀರು ಕೂರುತ್ತದೆ, ಕನ್ನಡಕ ಮಂಜಾದ ಹಾಗೆ. ಏಸಿ ಬಸ್ಸಿನಲ್ಲಿ ಇದು ತಿರುಗಮುರುಗ: ಕಿವಿಯ ಬಿಸಿ ತೇವ ತಂಪು ನಳಿಕೆಯ ಜಾಲರಿಯಲ್ಲಿ ಹನಿಯಾಗಿ, ಒಂದು ಕಡೆಯ ಸೌಂಡು ಸಣ್ಣದಾಗುತ್ತದೆ. ಡ್ರೈವರು ಹೋಯಿತೆಂದು ಹೆದರಬೇಡಿ. ಟಿಪ್ ಕಳಚಿ, ನಳಿಕೆ ಕೆಳಮುಖ ಮಾಡಿ, ಟಿಶ್ಯೂ ಮೇಲೆ ಮೆಲ್ಲ ತಟ್ಟಿ ಒಂದು ರಾತ್ರಿ ಡಬ್ಬಿಯಲ್ಲಿಟ್ಟರೆ ಹೆಚ್ಚಾಗಿ ಸರಿಯಾಗುತ್ತದೆ. ಬಾಯಲ್ಲಿ ಊದುವುದು, ಹೇರ್ ಡ್ರೈಯರ್ ಎರಡೂ ಬೇಡ. ಜಾಲರಿ ಉಜ್ಜುವಾಗಲೂ ನಳಿಕೆ ಕೆಳಮುಖವೇ ಇರಬೇಕು, ಇಲ್ಲದಿದ್ದರೆ ಗುಗ್ಗೆ ಒಳಗೇ ಬೀಳುತ್ತದೆ. ಸಿಲಿಕೋನ್ ಟಿಪ್ ವಾರಕ್ಕೊಮ್ಮೆ ಸೋಪು ನೀರಲ್ಲಿ ತೊಳೆಯಿರಿ. ಫೋಮ್‌ಗೆ ಸ್ಪಿರಿಟ್ ತಾಗಿಸಬೇಡಿ, ಅದು ಹಿಟ್ಟಾಗುತ್ತದೆ. ಮಿಂದು ಬಂದ ಕೂಡಲೇ ಒದ್ದೆ ಕಿವಿಗೆ ಇಯರ್‌ಫೋನು ತುರುಕಿದರೆ ಮಳೆಗಾಲದಲ್ಲಿ ಕಿವಿಯೊಳಗೆ ಬೂಸ್ಟು ಬರುವುದು ಇಲ್ಲಿ ಹೊಸತೇನಲ್ಲ. ಅರ್ಧ ಗಂಟೆ ಬಿಡಿ.

ಡಬ್ಬಿಗೆ ರಬ್ಬರ್ ಅಂಚಿನ ಬಿಗಿ ಮುಚ್ಚಳ ಇರಲಿ, ಒಳಗೆ 20 ಗ್ರಾಂ ಸಿಲಿಕಾ ಜೆಲ್. ಕೇಬಲನ್ನೂ ಬಟ್ಟೆಯಲ್ಲಿ ಒರೆಸಿಯೇ ಒಳಗಿಡಿ. ಬೆವರು ಉಳಿದರೆ ಕಿವಿಯ ಕೊಕ್ಕೆಯ ಹತ್ತಿರ ತಾಮ್ರ ಹಸಿರಾಗುತ್ತದೆ, ಕೇಬಲು ಇಯರ್‌ಫೋನಿಗೆ ಸೇರುವ ಎಮ್‌ಎಮ್‌ಸಿಎಕ್ಸ್ ಜೋಡಣೆಯಲ್ಲಿ ಕರಕರ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ಲನ್ನು ಹದಿನೈದು ದಿನಕ್ಕೊಮ್ಮೆ ಒಣಗಿಸಬೇಕು, 110 ಡಿಗ್ರಿ ಶಾಖದಲ್ಲಿ ಎರಡು ಗಂಟೆ. ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ: ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ತನ್ನಿ, ಅದಕ್ಕೂ ಒಂದು ಹಳೆಯ ತಟ್ಟೆ ಬೇರೆಯೇ ಇಡಿ.