1,800 ಫೈಲುಗಳಲ್ಲಿ ಅರಸೀಕೆರೆ ತಿದ್ದಿದ್ದು: ನನ್ನ ಅನುಭವ

ಕನ್ನಡ ಫೈಲಿಗೆ ಸೆಡ್ (ಒಂದೇ ಕಮ್ಯಾಂಡಿನಲ್ಲಿ ನೂರಾರು ಫೈಲಿನ ಪದ ಬದಲಿಸುವ ಪ್ರೋಗ್ರಾಂ) ಹಚ್ಚಬೇಡ, ಅಕ್ಷರ ಎಲ್ಲಾ ಕೆಟ್ಟು ಹೋಗುತ್ತೆ ಎಂದು ಹಾಸನದಲ್ಲಿ ನನಗೆ ಗೊತ್ತಿರುವ ಡಿಟಿಪಿಯವರೆಲ್ಲ ಹೇಳಿದ್ದರು. ಈಗ ಕೆಲಸ ಮುಗಿದಿದೆ, ದುಡ್ಡೂ ಕೈಗೆ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಮಗಳೂರಿನ ಒಬ್ಬ ಟ್ರಾವೆಲ್ಸ್‌ನವರ ವೆಬ್‌ಸೈಟು. ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ, ಸುತ್ತಲಿನ ಹೋಮ್‌ಸ್ಟೇಗಳು ಎಲ್ಲಾ ಸೇರಿ ಸುಮಾರು 1,800 ಎಚ್‌ಟಿಎಂಎಲ್ ಫೈಲು. ಹತ್ತು ವರ್ಷದಲ್ಲಿ ನಾಲ್ಕೈದು ಜನ ಟೈಪ್ ಮಾಡಿದ್ದು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಇವರ ಪುಟಗಳಲ್ಲಿ ಮಾತ್ರ ಇನ್ನೂ 'ತಾತ್ಕಾಲಿಕ ಪಟ್ಟಿಯಲ್ಲಿದೆ' ಎಂದೇ ಇತ್ತು. ಅದನ್ನು ತಿದ್ದುವಾಗಲೇ ಊರಿನ ಹೆಸರುಗಳನ್ನೂ ಒಂದೇ ತರ ಮಾಡಿಕೊಡಿ ಎಂದರು. ಅರಸಿಕೆರೆ ಇದ್ದದ್ದು ಅರಸೀಕೆರೆ, ಹಳೆಬೀಡು ಇದ್ದದ್ದು ಹಳೇಬೀಡು. ಕೈಯಲ್ಲಿ ತಿದ್ದಲು ಬೇರೆಯವರು 40 ಸಾವಿರದ ಹತ್ತಿರ ಕೇಳಿದ್ದರಂತೆ. ನಾನು 18ಕ್ಕೆ ಒಪ್ಪಿಕೊಂಡೆ.

ಮೊದಲ ಸಲ ಸೋತೆ. ಕೆಲವು ಕಡೆ 'ಅರಸಿ ಕೆರೆ' ಎಂದು ಬಿಡಿಸಿ ಬರೆದಿದ್ದರು. ಎಲ್ಲವೂ ಸಿಗಲಿ ಎಂದು 'ಅರಸಿ' ಅಷ್ಟನ್ನೇ ಕೊಟ್ಟು 'ಅರಸೀ' ಮಾಡಿಸಿದೆ. 'ಅರಸಿ ಶಾಂತಲೆ' ಹೋಗಿ 'ಅರಸೀ ಶಾಂತಲೆ' ಆಯಿತು. 'ನೆಮ್ಮದಿ ಅರಸಿ ಬರುವವರು' ಕೂಡ 'ಅರಸೀ ಬರುವವರು' ಆದರು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮೊದಲೇ ಸರಿ ಇದ್ದ ಅರಸೀಕೆರೆಗಳೂ ಹಾಳಾದವು. ಮಾರನೇ ದಿನ ಅವರ ಫೋನು: "ಏನ್ ಸಾರ್ ಇದು, ಅರಸೀಕೆರೆ ಮಧ್ಯೆ ಸೊನ್ನೆ ಬಂದಿದೆ?"

ಜೊತೆಗೆ ಇನ್ನೊಂದು ಪೆಟ್ಟು. ಫೈಲು ಹುಡುಕುವ ಫೈಂಡ್ ಕಮ್ಯಾಂಡಿನಿಂದ ಸಿಕ್ಕಿದ್ದನ್ನೆಲ್ಲ ಸೆಡ್‌ಗೆ ಕೊಟ್ಟಿದ್ದೆ, ಫೋಟೊಗಳೂ ಸೇರಿ. ಬದಲಾವಣೆ ಇಲ್ಲದಿದ್ದರೂ ಅದು ಫೈಲನ್ನು ಹೊಸದಾಗಿ ಬರೆದುಬಿಡುತ್ತೆ, ತಾರೀಕು ಬದಲಾಗುತ್ತೆ. ಅಪ್‌ಲೋಡ್ ಮಾಡುವ ಸಾಫ್ಟ್‌ವೇರ್ ಎಲ್ಲಾ ಹೊಸದು ಅಂದುಕೊಂಡು ಎಂಟೊಂಬತ್ತು ಜಿಬಿ ಫೋಟೊ ರಾತ್ರಿಯಿಡೀ ಕಳಿಸಿತು. ಡೇಟಾಗೆ 600 ರೂಪಾಯಿ ಸುಮ್ನೆ ಹೋಯಿತು. ಈಗ ಮೊದಲು ಪದ ಹುಡುಕುವ ಗ್ರೆಪ್‌ನಿಂದ ಆ ಪದ ಇರುವ ಫೈಲುಗಳ ಹೆಸರು ಮಾತ್ರ ತೆಗೆಸಿ, ಆ ಫೈಲುಗಳನ್ನಷ್ಟೇ ಎಕ್ಸ್‌ಆರ್ಗ್ಸ್ (ಪಟ್ಟಿಯನ್ನು ಇನ್ನೊಂದು ಕಮ್ಯಾಂಡಿಗೆ ದಾಟಿಸುವುದು) ಮೂಲಕ ಸೆಡ್‌ಗೆ ಕೊಡುತ್ತೇನೆ.

ಬ್ಯಾಕಪ್ ಇತ್ತು, ಅದೊಂದು ಪುಣ್ಯ. ಹಳೇದನ್ನು ವಾಪಸ್ ಹಾಕಿ, ಆ ಸೊನ್ನೆ ಎಲ್ಲಿಂದ ಬಂತು ಎಂದು ಹುಡುಕಲು ಕೂತೆ. ಎರಡು ಫೈಲಿನ 'ಸೀ' ಅಕ್ಷರವನ್ನು ಹೆಕ್ಸ್‌ನಲ್ಲಿ, ಅಂದರೆ ಅಕ್ಷರದ ಹಿಂದಿನ ಸಂಕೇತ ಅಂಕಿಗಳಲ್ಲಿ, ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಆರು ಬೈಟು, ಇನ್ನೊಂದರಲ್ಲಿ ಒಂಬತ್ತು! ಮೊದಲನೆಯದರಲ್ಲಿ ದೀರ್ಘ ಒಂದೇ ಗುರುತು. ಎರಡನೆಯದರಲ್ಲಿ ಗುಡಿಸು ಬೇರೆ, ದೀರ್ಘದ ಗುರುತು ಬೇರೆ. ಪರದೆ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಎರಡನೇ ಜಾತಿಯಲ್ಲಿ ನನ್ನ ಸೆಡ್ 'ಸಿ' ಅಷ್ಟನ್ನು ಹಿಡಿದು 'ಸೀ' ಮಾಡಿತ್ತು, ಉಳಿದ ದೀರ್ಘದ ಗುರುತು ಅನಾಥವಾಗಿ ಸೊನ್ನೆಯ ಮೇಲೆ ನಿಂತಿತ್ತು. ಕೇ, ಕೈ, ಕೊ, ಕೋ ಎಲ್ಲದಕ್ಕೂ ಇದೇ ಕಥೆ. ಸುಮಾರು 300 ಫೈಲು ಹೀಗೆ ಇದ್ದವು. ಯುನಿಕೋಡ್‌ಗೂ ಮುಂಚಿನ ಹಳೇ ಆಸ್ಕಿ ಫಾಂಟಿನಿಂದ ಯಾವುದೋ ಕನ್ವರ್ಟರ್‌ನಲ್ಲಿ ಬದಲಾಯಿಸಿದ್ದವು ಎಂದು ನನ್ನ ಲೆಕ್ಕ.

ಔಷಧಿ ಯುಕಾನ್ವ್, ಅಕ್ಷರಗಳ ಸಂಕೇತ ರೂಪ ಬದಲಿಸುವ ಪ್ರೋಗ್ರಾಂ. ಮೊದಲು ಎಲ್ಲಾ ಫೈಲನ್ನೂ ಅದರಲ್ಲಿ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಗುರುತುಗಳು ಸೇರಿ ಒಂದೇ ಆಗುವ ರೂಪಕ್ಕೆ, ತಂದೆ. ಆಮೇಲೆಯೇ ಸೆಡ್. ಈ ಕ್ರಮ ತಪ್ಪಿದರೆ ಕನ್ನಡದಲ್ಲಿ ಏನೂ ನಡೆಯಲ್ಲ.

ವಿಭಕ್ತಿಯ ವಿಷಯ ಇನ್ನೊಂದು. 'ಹಳೆಬೀಡು' ಕೊಟ್ಟರೆ 'ಹಳೆಬೀಡಿನ' ಸಿಗಲ್ಲ. 'ಹಳೆಬೀಡ' ಎಂದು ವ್ಯಂಜನಕ್ಕೇ ನಿಲ್ಲಿಸಿದರೆ ಎರಡೂ ಸಿಗುತ್ತವೆ. 'ಹೋಮ್‌ಸ್ಟೇ' ಮಾತ್ರ ತುಂಬಾ ಕಾಡಿತು. ಮಧ್ಯೆ ಅಕ್ಷರ ಜೋಡಣೆ ತಡೆಯುವ, ಕಣ್ಣಿಗೆ ಕಾಣದ ಗುರುತು ಇರುವುದು ಒಂದು, ಇಲ್ಲದೆ ಒತ್ತಕ್ಷರವಾದದ್ದು ಒಂದು, ಜಾಗ ಬಿಟ್ಟದ್ದು ಒಂದು. ಯುನೆಸ್ಕೊ ವಾಕ್ಯ ಕೆಲವು ಫೈಲಲ್ಲಿ ಎರಡು ಸಾಲಿಗೆ ಮುರಿದಿತ್ತು. ಸೆಡ್ ಒಂದೊಂದೇ ಸಾಲು ಓದುವುದರಿಂದ ಅಲ್ಲಿ ಅದನ್ನು ಬಿಟ್ಟು, ಪರ್ಲ್ ಭಾಷೆಗೆ -0777 ಎಂಬ ಆಯ್ಕೆ ಕೊಟ್ಟು ಇಡೀ ಫೈಲನ್ನು ಒಟ್ಟಿಗೆ ಓದಿಸಿದೆ.

ಬದಲಾವಣೆಯ ಸಾಲುಗಳು ಕೊನೆಗೆ 70ರ ಹತ್ತಿರ ಆದವು. ಅವನ್ನು ಯಾವ ಕ್ರಮದಲ್ಲಿ ಜೋಡಿಸಿದೆ, 'ಅರಸಿ ಶಾಂತಲೆ'ಯನ್ನು ಹೇಗೆ ಕಾಪಾಡಿದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲ್ಲ. ಅದು ನನ್ನ ಹೊಟ್ಟೆಪಾಡು.

ಒಂದು ದಿನ ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೋಗುವಾಗ, ಫೋನಿನಲ್ಲಿ ಕಮ್ಯಾಂಡ್ ಓಡಿಸುವ ಟರ್ಮಕ್ಸ್ ಆ್ಯಪ್ ಹಾಕಿಕೊಂಡು ಅದೇ ಸ್ಕ್ರಿಪ್ಟ್ ಓಡಿಸಿ ನೋಡಿದೆ. ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದಷ್ಟರಲ್ಲಿ 1,800 ಫೈಲೂ ಮುಗಿದಿದ್ದವು. ಲ್ಯಾಪ್‌ಟಾಪೇ ಬೇಕು ಅಂತಿಲ್ಲ, ಅಲ್ವಾ?

ಗಿಟ್ ಡಿಫ್ (ಏನೇನು ಬದಲಾಗಿದೆ ಎಂದು ತೋರಿಸುವ ಪಟ್ಟಿ) ಇಟ್ಟುಕೊಂಡು ಪುಟ ಓದಲು ಒಬ್ಬ ಹುಡುಗನಿಗೆ 3 ಸಾವಿರ ಕೊಟ್ಟೆ. ಅವನು ಹಿಡಿದ ತಪ್ಪು ಆರೋ ಏಳೋ ಅಷ್ಟೆ. ನನಗೆ 14 ಸಾವಿರ ಚಿಲ್ಲರೆ ಉಳಿಯಿತು. ಅಕ್ಷರ ಕೆಡುತ್ತೆ ಎಂದಿದ್ದ ಗೆಳೆಯರಲ್ಲೇ ಒಬ್ಬರು ಮೊನ್ನೆ ಪೆನ್‌ಡ್ರೈವ್ ತಂದುಕೊಟ್ಟಿದ್ದಾರೆ. 600 ಫೈಲು. ಅದರಲ್ಲಿ ಶ್ರವಣಬೆಳಗೊಳ ನಾಲ್ಕು ತರ ಇದೆ. ನಾಳೆ ಬೆಳಿಗ್ಗೆ ಮೊದಲು ಯುಕಾನ್ವ್ ಓಡಿಸಬೇಕು.