ಪೆಡಲ್ ಬಿಟ್ಟರೂ ಸ್ವರ ನಿಲ್ಲುತ್ತಿಲ್ಲವೇ?

ಗಣೇಶನ ಪೆಂಡಾಲ್. ಹಾಡು ಶುರುವಾಗಲು ಐದು ನಿಮಿಷ ಬಾಕಿ. ಕೀಬೋರ್ಡ್ ನುಡಿಸುವ ಹುಡುಗ ಪೆಡಲ್‌ನಿಂದ ಕಾಲು ತೆಗೆದರೆ ಸ್ವರ ಎಳೆಯುತ್ತಿತ್ತು, ಒತ್ತಿದರೆ ನಿಲ್ಲುತ್ತಿತ್ತು. ಎಲ್ಲ ಉಲ್ಟಾ. "ಪೆಡಲ್ ಹೋಯ್ತು ಸಾರ್" ಎಂದು ವೈರ್ ಕಿತ್ತು ಬ್ಯಾಗಿಗೆ ತುರುಕಿದ. ಪೆಡಲ್‌ಗೆ ಏನೂ ಆಗಿರಲಿಲ್ಲ. ಇಕ್ಕಟ್ಟಿನ ಸ್ಟೇಜಿನಲ್ಲಿ ಅದರ ಮೇಲೆ ಕಾಲಿಟ್ಟುಕೊಂಡೇ ಕೀಬೋರ್ಡ್ ಆನ್ ಮಾಡಿದ್ದ, ಅಷ್ಟೇ.

ಸ್ವರ ಎಳೆಯಲಿ ಎಂದು ಕಾಲಲ್ಲಿ ಒತ್ತುವ ಈ ಸಸ್ಟೇನ್ ಪೆಡಲ್ ಅಂದರೆ ಮನೆಯ ಕಾಲಿಂಗ್ ಬೆಲ್ ಬಟನ್ ಇದ್ದ ಹಾಗೆ, ಬರೀ ಒಂದು ಸ್ವಿಚ್. ಇದರಲ್ಲಿ ಎರಡು ಜಾತಿ. ಒತ್ತಿದಾಗ ಒಳಗಿನ ಎರಡು ತಂತಿ ಕೂಡುವುದು ಒಂದು, ಒತ್ತಿದಾಗ ಬಿಡುವುದು ಇನ್ನೊಂದು. ಕ್ಯಾಸಿಯೊದ ಎಸ್‌ಪಿ-3 ಮೊದಲ ಜಾತಿ, ಯಮಹಾದ ಎಫ್‌ಸಿ5 ಎರಡನೆಯದು. ಎರಡೂ ನಡೆಯಲಿ ಎಂದು ಅನೇಕ ಕೀಬೋರ್ಡ್‌ಗಳು ಆನ್ ಆದ ಗಳಿಗೆಯಲ್ಲಿ ಪೆಡಲ್ ಹೇಗಿದೆಯೋ ಅದನ್ನೇ 'ಒತ್ತಿಲ್ಲ' ಎಂದು ಹಿಡಿದುಬಿಡುತ್ತವೆ. ಆಗ ಕಾಲು ಮೇಲಿದ್ದರೆ ಲೆಕ್ಕ ತಿರುಗುಮುರುಗು.

ಹಾಗಾಗಿ ಮೊದಲು ಕೀಬೋರ್ಡ್ ಆಫ್ ಮಾಡಿ. ಪೆಡಲ್ ಜ್ಯಾಕ್ ಪೂರ್ತಿ ಒಳಗೆ ಹೋಗುವಂತೆ ಒತ್ತಿ. ಕಾಲು ದೂರ ಇಟ್ಟು ಆನ್ ಮಾಡಿ. ಉಲ್ಟಾ ಆದ ಪೆಡಲ್‌ಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಸರಿಹೋಗುತ್ತವೆ. ಆಗದಿದ್ದರೆ ಪೆಡಲ್‌ನ ತಳ ನೋಡಿ. ಕೆಲವಕ್ಕೆ ಜಾತಿ ಬದಲಿಸುವ ಚಿಕ್ಕ ಸ್ವಿಚ್ ಇರುತ್ತದೆ.

ಪೆಡಲ್ ಏನೂ ಕೆಲಸ ಮಾಡುತ್ತಿಲ್ಲವೇ? ಜ್ಯಾಕ್ ಹೆಡ್‌ಫೋನ್ ತೂತಿನಲ್ಲಿಲ್ಲ ತಾನೇ? ನಗಬೇಡಿ, ಎಷ್ಟೋ ಕಡೆ ಎರಡೂ ಒಂದೇ ಅಳತೆಯವು, ಕತ್ತಲ ಸ್ಟೇಜಿನಲ್ಲಿ ನಾನೂ ಹಾಗೆ ಮಾಡಿದ್ದೇನೆ. ಆಮೇಲೆ ಮೆನು. ಕೆಲವು ಕೀಬೋರ್ಡ್‌ಗಳಲ್ಲಿ ಅದೇ ಪೆಡಲ್‌ಗೆ ರಿದಮ್ ಶುರು ಮಾಡುವ ಕೆಲಸ ಕೊಡಬಹುದು. ಯಾರೋ ಬದಲಿಸಿ ಮರೆತಿರುತ್ತಾರೆ. ಪರೀಕ್ಷೆಗೆ ಪಿಯಾನೋ ಸ್ವರವನ್ನೇ ಇಟ್ಟುಕೊಳ್ಳಿ. ಪೆಡಲ್ ಒತ್ತಿದಷ್ಟು ಹೊತ್ತೂ ಆರ್ಗನ್ ಸದ್ದು ತಗ್ಗದೆ ಕೂಗುತ್ತಲೇ ಇರುತ್ತದೆ. ಅದು ದೋಷ ಅಲ್ಲ.

ಇನ್ನೂ ಸುಮ್ಮನಿದ್ದರೆ ತಪ್ಪು ಪೆಡಲ್‌ನದೋ ಕೀಬೋರ್ಡ್‌ನದೋ ಎಂದು ತಿಳಿಯಬೇಕಲ್ವಾ? ಒಂದು ಗಿಟಾರ್ ಕೇಬಲ್ ಸಾಕು. ಪೆಡಲ್ ತೆಗೆದು, ಕೇಬಲ್‌ನ ಒಂದು ತುದಿಯನ್ನು ಸಸ್ಟೇನ್ ತೂತಿಗೆ ಹಾಕಿ ಆನ್ ಮಾಡಿ. ಇನ್ನೊಂದು ತುದಿಯ ಮೂತಿಯನ್ನೂ ಹಿಂದಿನ ಉದ್ದ ಭಾಗವನ್ನೂ ಒಂದು ನಾಣ್ಯದಿಂದ ಒಟ್ಟಿಗೆ ಮುಟ್ಟಿಸಿ. ನಾಣ್ಯ ಇಟ್ಟಾಗ ಪಿಯಾನೋ ಸ್ವರ ಎಳೆದು, ತೆಗೆದಾಗ ನಿಂತರೆ ಕೀಬೋರ್ಡ್ ಸರಿಯಾಗಿದೆ. ಸಸ್ಟೇನ್ ತೂತು ಎಂದು ಖಾತ್ರಿಯಾದ ಮೇಲೆಯೇ ಇದನ್ನು ಮಾಡಿ. ಸದ್ದು ಹೊರಬರುವ ತೂತಿನಲ್ಲಿ ಈ ಆಟ ಬೇಡ.

ಪೆಡಲ್ ಮೇಲೆಯೇ ಅನುಮಾನ ಬಂದರೆ ಮೊದಲು ವೈರ್ ನೋಡಿ. ಅದು ತುಂಡಾಗುವುದು ಜ್ಯಾಕ್ ಹತ್ತಿರ ಅಥವಾ ಪೆಡಲ್ ಒಳಗೆ ನುಗ್ಗುವ ಜಾಗದಲ್ಲಿ. ಒಮ್ಮೆ ಪೆಡಲ್ ಒತ್ತಿ ಹಿಡಿದು, ಒಮ್ಮೆ ಒತ್ತದೆ ನುಡಿಸುತ್ತಾ, ಆ ಎರಡು ಕಡೆ ವೈರನ್ನು ಯಾರಾದರೂ ಮೆಲ್ಲಗೆ ಅಲ್ಲಾಡಿಸಲಿ. ಒತ್ತಿದಾಗ ಸ್ವರ ಕಡಿದು ಕಡಿದು ಬಂದರೆ, ಇಲ್ಲವೇ ಒತ್ತದಿದ್ದಾಗಲೂ ಆಗಾಗ ಎಳೆದರೆ ಜಾಗ ಸಿಕ್ಕಿತು. ಜ್ಯಾಕ್ ಬಳಿಯಾದರೆ ಎರಡು ಇಂಚು ಕತ್ತರಿಸಿ ಹೊಸ 6.35 ಮಿ.ಮೀ. ಮೊನೊ ಜ್ಯಾಕ್ ಬೆಸುಗೆ ಹಾಕಿಸಿ. ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆ ಸುಲಭವಾಗಿ ಸಿಗುತ್ತದೆ. ಯಾವ ತಂತಿ ಯಾವ ಕಡೆ ಎಂಬ ತಲೆಬಿಸಿ ಇಲ್ಲ, ಸ್ವಿಚ್‌ಗೆ ಎರಡೂ ಒಂದೇ.

ವೈರ್ ಸರಿ ಇದ್ದರೆ ತಳದ ಸ್ಕ್ರೂ ಬಿಚ್ಚಿ. ಕಾಣದಿದ್ದರೆ ರಬ್ಬರ್ ಪಾದದ ಕೆಳಗೆ ಹುಡುಕಿ. ಸ್ಪ್ರಿಂಗ್ ಹಾರಿಹೋಗದ ಹಾಗೆ ಜೋಪಾನ, ಬಿಚ್ಚುವ ಮೊದಲೇ ಫೋಟೊ ತೆಗೆದುಕೊಳ್ಳಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒಳಗಿನ ಲೋಹದ ಪಟ್ಟಿಗಳು ಮಂಕಾಗುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಕಾಗದದ ಚೂರನ್ನು ಪಟ್ಟಿಗಳ ನಡುವೆ ಇಟ್ಟು ಎಳೆಯಿರಿ. ಉಪ್ಪುಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪವೇ ಹೋಗುತ್ತದೆ. ಕೊನೆಯ ಸ್ಕ್ರೂ ಬಿಗಿಯುವ ಮೊದಲೇ ಒಮ್ಮೆ ನುಡಿಸಿ ನೋಡಿ.

ಒಳಗೆ ಮೂರು ತಂತಿ ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಅದು ಅರ್ಧ ಒತ್ತಿದರೂ ಗುರುತಿಸುವ ಪೆಡಲ್ ಇರಬಹುದು. ಅದನ್ನು ರಿಪೇರಿಯವರ ಕೈಗೆ ಕೊಡಿ.