ಏರುದಾರಿಯ ಊರಿನಲ್ಲಿ ಹೃದಯದ ಚೇತರಿಕೆ

ಹೃದಯದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಕೊಡಗಿಗೆ ಮರಳಿದವರಿಗೆ ವೈದ್ಯರು ದಿನವೂ ನಡೆಯಲು ಹೇಳಿರುತ್ತಾರೆ. ಆದರೆ ನಮ್ಮಲ್ಲಿ ಅಂಗಳ ದಾಟಿದರೆ ಏರು, ಇಲ್ಲವೇ ಇಳಿಜಾರು. ಆದುದರಿಂದ ಮೊದಲ ಕೆಲವು ವಾರ ಕಾಫಿ ಒಣಗಿಸುವ ಕಣದಲ್ಲಿಯೇ ನಡೆಯುವುದು ಒಳ್ಳೆಯದು. ನಡೆಯುತ್ತಾ ಮಾತನಾಡಲು ಸಾಧ್ಯವಾಗಬೇಕು. ಮಾತಿನ ನಡುವೆ ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಬೈಪಾಸ್ ಆದವರು ಎದೆಮೂಳೆ ಕೂಡಿಕೊಳ್ಳುವ 6ರಿಂದ 8 ವಾರಗಳವರೆಗೆ ಕಾಫಿ ಚೀಲವಿರಲಿ, ತುಂಬಿದ ಕೊಡವನ್ನೂ ಎತ್ತಬಾರದು.

ಮಳೆಗಾಲದಲ್ಲಿ ಮರ ಬಿದ್ದು ರಸ್ತೆ, ವಿದ್ಯುತ್, ಮೊಬೈಲ್ ಮೂರೂ ಕೈಕೊಡುವುದು ನಮಗೆ ಹೊಸದಲ್ಲವಾದ್ದರಿಂದ, ಜೂನ್‌ಗೆ ಮೊದಲೇ ಒಂದು ತಿಂಗಳಿಗಾಗುವಷ್ಟು ಮಾತ್ರೆಗಳನ್ನು ತಂದಿಟ್ಟುಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗುವ ಅಪಾಯವಿದೆ.

ನಮ್ಮ ಹಂದಿಮಾಂಸದ ಅಡುಗೆ ಪಂದಿಕರಿಯ ಬಗ್ಗೆ ಹೇಳಿದರೆ ಹಲವರು ಮುನಿಸಿಕೊಳ್ಳುತ್ತಾರೆ. ಆದರೂ ನೆಣವನ್ನು ಬಿಡಲೇಬೇಕು.

ಎದೆನೋವು ಬಂದಾಗ, ವೈದ್ಯರು ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಬರೆದುಕೊಟ್ಟಿದ್ದರೆ, ಕುಳಿತುಕೊಂಡೇ ನಾಲಿಗೆಯಡಿ ಇಟ್ಟುಕೊಳ್ಳಬೇಕು, ಏಕೆಂದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. 5 ನಿಮಿಷಗಳಲ್ಲಿ ನೋವು ಶಮನವಾಗದಿದ್ದರೆ 108ಕ್ಕೆ ಕರೆ ಮಾಡಿ, ತೋಟದ ಗೇಟಿನ ಬಳಿ ಒಬ್ಬರನ್ನು ಟಾರ್ಚ್ ಹಿಡಿದು ನಿಲ್ಲಿಸಿ. ನಮ್ಮ ಒಳದಾರಿಗಳು ಆಂಬುಲೆನ್ಸ್ ಚಾಲಕರಿಗೆ ತಿಳಿದಿರುವುದಿಲ್ಲ.